ಅದು ಸಾವಿನ ದೇವರಲ್ಲ ಅಮ್ಮ, ಒಂದು ತಿಂಗಳ ಹೆಸರು

ನವನ್, ಮೀತ್ ಕೌಂಟಿ, ಐರ್ಲೆಂಡ್
ನವೆಂಬರ್ 9

ಅಮ್ಮ,

ಅಪ್ಪನಿಗೆ, ಅಜ್ಜಿಗೆ, ನಿನಗೆ ನಮಸ್ಕಾರ. ಇಲ್ಲಿ ನಾವು ಮೂರೂ ಜನ ಕ್ಷೇಮ. ಕೊನೆಗೌಡರು ಬಂದರಾ, ಅಡಿಕೆ ಸುಲಿಯೋಕೆ ಜನ ಸಿಕ್ಕಿದರಾ ಅನ್ನೋದನ್ನೆಲ್ಲ ಆಮೇಲೆ ಕೇಳುತ್ತೇನೆ. ಶ್ರೀಧರ ಭಾವ ಫೋಟೋ ತೆಗೆದು ಕಳಿಸಿದ ನಿನ್ನ ಪತ್ರವನ್ನ ನಿನ್ನೆ ರಾತ್ರಿ ಎರಡು ಸಲ ಓದಿದೆ. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಪುಟ್ಟಿ ವೇಷ ಹಾಕಿದ ಫೋಟೋ ನೋಡಿದ ಮೇಲೆ ಅಜ್ಜಿಯ ಬಿಪಿ 170ಕ್ಕೆ ಏರಿದೆ, ಎಂಟು ದಿನದಿಂದ ರಾತ್ರಿ ಊಟ ಬಿಟ್ಟಿದ್ದಾಳೆ, ಮಾತ್ರೆ ಕೊಟ್ಟರೆ "ಮೊದಲು ಆ ದೆವ್ವದ ಊರಿಂದ ಮಗೂನ ಕರೆಸು" ಅಂತ ಮುಖ ತಿರುಗಿಸುತ್ತಾಳೆ ಅಂತ ಬರೆದಿದ್ದೀಯ. ಅಷ್ಟು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಅಜ್ಜಿಗೆ ಅರ್ಧ ಕೇಳಿಸೋದಿಲ್ಲ, ಕೇಳಿಸಿದ್ದನ್ನ ನಂಬೋದಿಲ್ಲ. ಕಾಗದದಲ್ಲಿ ಬರೆದಿದ್ದನ್ನ ನಂಬುತ್ತಾಳೆ. ಭಾವ ಇದನ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ತರಲಿ, ನೀನು ಜಗಲಿಯಲ್ಲಿ ಕೂತು ನಿಧಾನಕ್ಕೆ ಓದಿ ಹೇಳು.

ಮೊದಲು ಪುಟ್ಟಿ ವಿಷಯ. ಅವಳಿಗೆ ಬಂದಿದ್ದು ಬರೀ ನೆಗಡಿ ಜ್ವರ. ಶಾಲೆಯಲ್ಲಿ ಅರ್ಧ ತರಗತಿಗೆ ಬಂದಿತ್ತು. ಮೂರನೇ ದಿನಕ್ಕೆ ಇಳೀತು. ಈಗ ಇಲ್ಲ. ಇಲ್ಲವೇ ಇಲ್ಲ. ನಿನ್ನೆ ಮೂರು ದೋಸೆ ತಿಂದಿದ್ದಾಳೆ, ರಾತ್ರಿ ಬೆಚ್ಚಿ ಬೀಳಲಿಲ್ಲ, ಹಾಸಿಗೆ ಒದ್ದೆ ಮಾಡಲಿಲ್ಲ, ಯಾವುದನ್ನೂ ನೋಡಿ ಹೆದರಲೂ ಇಲ್ಲ. ಅವಳು ಹಾಕಿಕೊಂಡಿದ್ದು ಕಪ್ಪು ಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಮೂಳೆ ಅಚ್ಚು ಹಾಕಿದ ಅಂಗಿ. ಮೂಳೆ ಅಲ್ಲ ಅಮ್ಮ, ಮೂಳೆಯ ಚಿತ್ರ. ಒಳಗೆ ಎರಡು ಪದರ ಉಣ್ಣೆ ಬಟ್ಟೆ ಇತ್ತು.

ಈಗ ಸಾವಿತ್ರತ್ತೆ ಅಜ್ಜಿಗೆ ಓದಿ ಹೇಳಿದ ವಾಟ್ಸ್ಆಪ್ ಮೆಸೇಜಿಗೆ ಬರುತ್ತೇನೆ. ಹ್ಯಾಲೋವೀನ್ ಅಂದರೆ "ಸಂಹೈನ್" ಅನ್ನೋ ಸಾವಿನ ದೇವರ ಪೂಜೆ ಅಂತ ಅದರಲ್ಲಿದೆ. ಇಡೀ ಭಯಕ್ಕೆ ಬೇರು ಈ ಒಂದು ಸಾಲು, ಮತ್ತು ಈ ಸಾಲು ತಪ್ಪು. ಆ ಹೆಸರಿನ ದೇವರು ಇವರ ಯಾವ ಹಳೇ ಕಥೆಯಲ್ಲೂ ಇಲ್ಲ. 18ನೇ ಶತಮಾನದಲ್ಲಿ ಚಾರ್ಲ್ಸ್ ವ್ಯಾಲೆನ್ಸಿ ಅನ್ನೋ ಬ್ರಿಟಿಷ್ ಸೇನೆಯ ಎಂಜಿನಿಯರ್ ಐರಿಷ್ ಪದಗಳಿಗೆ ತನಗೆ ತೋಚಿದ ಹಾಗೆ ಅರ್ಥ ಕಟ್ಟಿ ಬರೆದ. ಅವನ ಪುಸ್ತಕದಿಂದ ಇನ್ನೊಬ್ಬರ ಪುಸ್ತಕಕ್ಕೆ, ಅಲ್ಲಿಂದ ಮತ್ತೊಬ್ಬರಿಗೆ ದಾಟುತ್ತ ಅದು ಈಗ ನಮ್ಮ ಜಗಲಿಗೆ ಬಂದು ಕೂತಿದೆ.

ಐರಿಷ್ ಭಾಷೆಯಲ್ಲಿ ಆ "ಸಂಹೈನ್" ಪದವನ್ನ ಬರೆಯೋದು ಒಂದು ರೀತಿ, ಹೇಳೋದು ಇನ್ನೊಂದು ರೀತಿ. ಬಾಯಲ್ಲಿ "ಸೌವಿನ್" ಅಂತಾರೆ. ನಮ್ಮ ಕಿವಿಗೆ "ಸಾವಿನ" ಅಂದ ಹಾಗೇ ಕೇಳುತ್ತೆ, ಅದಕ್ಕೆ ಕನ್ನಡದ ಮೆಸೇಜಿನಲ್ಲಿ ಆ ಮಾತು ಇನ್ನೂ ಗಟ್ಟಿಯಾಗಿ ಕೂತಿರಬೇಕು. ಆದರೆ ಅದಕ್ಕೂ ಸಾವಿಗೂ ಸಂಬಂಧ ಇಲ್ಲ. ಬೇಸಿಗೆ ಮುಗೀತು ಅಂತ ಆ ಪದಕ್ಕೆ ಹಳೇ ಸನ್ಯಾಸಿಗಳು ಅರ್ಥ ಬರೆದಿಟ್ಟಿದ್ದಾರೆ. ಈಗಲೂ ಐರಿಷ್ ಕ್ಯಾಲೆಂಡರಿನಲ್ಲಿ ನವೆಂಬರ್ ತಿಂಗಳ ಹೆಸರು ಸೌವಿನ್. ಪುಟ್ಟಿಯ ಶಾಲೆಯ ಗೋಡೆ ಮೇಲೂ ಹಾಗೇ ಬರೆದಿದೆ. ನಾವು ಕಾರ್ತಿಕ ಅಂದ ಹಾಗೆ, ಅಷ್ಟೇ. ಅಜ್ಜಿಗೆ ಇದೊಂದು ವಾಕ್ಯ ಮೂರು ಸಲ ಓದು.

ಈ ದೇಶದ ಹಳಬರು ವರ್ಷವನ್ನ ಎರಡು ಭಾಗ ಮಾಡಿಕೊಂಡಿದ್ದರು. ಮೇ 1ರಿಂದ ಬೆಳಕಿನ ಭಾಗ, ನವೆಂಬರ್ 1ರಿಂದ ಕತ್ತಲಿನ ಭಾಗ. ಬೇಸಿಗೆಯಲ್ಲಿ ಗುಡ್ಡದ ಹುಲ್ಲುಗಾವಲಿಗೆ ಹೊಡೆದ ದನಗಳನ್ನ ಸೌವಿನ್ ಹೊತ್ತಿಗೆ ಕೆಳಗೆ ಕೊಟ್ಟಿಗೆಗೆ ಇಳಿಸಬೇಕು. ಮೇವು ಎಷ್ಟಿದೆ, ಎಷ್ಟು ದನ ಚಳಿಗಾಲ ದಾಟಬಹುದು ಅಂತ ಲೆಕ್ಕ ಹಾಕಬೇಕು. ಗೇಣಿ ತೀರಿಸೋ ದಿನ, ಆಳುಗಳ ಕರಾರು ಮುಗಿಯೋ ದಿನ ಕೂಡ ಅದೇ. ಅಕ್ಟೋಬರಿನ ಕೊನೇ ಭಾನುವಾರ ಗಡಿಯಾರವನ್ನ ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ, ಸಂಜೆ 5ಕ್ಕೆಲ್ಲ ಕತ್ತಲು. (ಫೋನ್ ಮಾಡುವಾಗ ನೆನಪಿರಲಿ, ಈಗ ನಿಮಗೂ ನಮಗೂ ಐದೂವರೆ ಗಂಟೆ ವ್ಯತ್ಯಾಸ.) ಇಲ್ಲಿ ಒಂದು ಚಳಿಗಾಲ ಕಳೆದವರಿಗೆ ಈ ಹಬ್ಬ ಯಾಕೆ ಹುಟ್ಟಿತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಮಗೆ ದಿನ ಶುರುವಾಗೋದು ಸೂರ್ಯ ಹುಟ್ಟಿದಾಗ, ಇವರ ಹಳೇ ಲೆಕ್ಕದಲ್ಲಿ ಸೂರ್ಯ ಮುಳುಗಿದಾಗ. ಹಾಗಾಗಿ ಅಕ್ಟೋಬರ್ 31ರ ಸಂಜೆಯೇ ನವೆಂಬರ್ 1ರ ಆರಂಭ. ಹಳೇ ವರ್ಷಾರ್ಧ ಮುಗಿದು ಹೊಸದು ಕಾಲಿಡುವ ಆ ಸಂದಿಯಲ್ಲಿ ಬೇರೆ ಲೋಕದ ಬಾಗಿಲು ತೆರೆದಿರುತ್ತೆ ಅನ್ನೋದು ಇವರ ನಂಬಿಕೆ. ಬಯಲಿನ ನಡುವೆ ಇರುವ ಹಳೇ ಮಣ್ಣಿನ ದಿಬ್ಬಗಳನ್ನ "ಶೀ" ಅಂತ ಕರೀತಾರೆ. ಅದರೊಳಗೆ ವಾಸ ಮಾಡುವವರು ಆವತ್ತು ಹೊರಗೆ ಓಡಾಡುತ್ತಾರೆ, ಜೊತೆಗೆ ಮನೆಯಲ್ಲಿ ತೀರಿಕೊಂಡವರೂ ತಮ್ಮ ಮನೆಗೆ ಬರುತ್ತಾರೆ.

ಇಲ್ಲಿ ಅಜ್ಜಿ ಕಿವಿಗೊಟ್ಟು ಕೇಳಲಿ. ಬಂದ ಹಿರಿಯರನ್ನ ಇವರು ಓಡಿಸುತ್ತಿರಲಿಲ್ಲ. ಆ ರಾತ್ರಿ ಬಾಗಿಲಿಗೆ ಅಗಳಿ ಹಾಕುತ್ತಿರಲಿಲ್ಲ. ಒಲೆಯ ಬೆಂಕಿ ಆರದ ಹಾಗೆ ಕೆಂಡ ಮುಚ್ಚಿ, ಅದರ ಸುತ್ತ ಕುರ್ಚಿ ಇಟ್ಟು, ಕುಡಿಯೋಕೆ ನೀರು, ಒಂದು ತಟ್ಟೆ ಊಟ ಬಡಿಸಿಟ್ಟು, ಬೇಗ ಮಲಗುತ್ತಿದ್ದರು. ಹಿರಿಯರು ಬಂದು ಕೂತು ಹೋಗಲಿ ಅಂತ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಕೂರುವವರ ಮನೆಯವರಿಗೆ ಇದು ದೆವ್ವದ ಪೂಜೆ ಅಂತ ಅನಿಸಬೇಕಾ? ಅಜ್ಜನಿಗೆ ಎಡೆ ಇಡುವಾಗ ಅಜ್ಜಿ ಯಾವತ್ತೂ ಹೆದರಲಿಲ್ಲ.

ಈ ಸಂಪ್ರದಾಯ ಇನ್ನೆಲ್ಲಿಂದಲೋ ಬಂದಿದ್ದಲ್ಲ, ಇದೇ ಸೀಮೆಯದು. ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಅತ್‌ಬಾಯ್ ಪಟ್ಟಣದ ಪಕ್ಕದಲ್ಲಿ ಟ್ಲಾಖ್ಟ್‌ಗ ಅನ್ನೋ ಗುಡ್ಡ ಇದೆ, ಒಂದರೊಳಗೆ ಒಂದು ಮಣ್ಣಿನ ಏರಿಗಳ ಸುತ್ತು. ಅದಕ್ಕೂ ಬಹಳ ಹಿಂದಿನ ಕಾಲದಲ್ಲಿ ಸೌವಿನ್ ರಾತ್ರಿ ಎಲ್ಲರೂ ತಮ್ಮ ಒಲೆ ಆರಿಸಿ, ಆ ಗುಡ್ಡದ ಮೇಲೆ ಹಚ್ಚಿದ ಒಂದೇ ಬೆಂಕಿಯಿಂದ ಮತ್ತೆ ಹೊತ್ತಿಸಿಕೊಳ್ಳಬೇಕಿತ್ತು ಅಂತ 17ನೇ ಶತಮಾನದ ಇತಿಹಾಸಕಾರ ಜೆಫ್ರಿ ಕೀಟಿಂಗ್ ಬರೆದಿದ್ದಾನೆ. ದೀಪಾವಳಿಗೆ ನಮ್ಮಲ್ಲಿ ಅಂಟಿಗೆ ಪಂಟಿಗೆಯವರು ದೇವಸ್ಥಾನದಿಂದ ಹೊತ್ತು ತಂದ ದೀಪದಲ್ಲಿ ನಮ್ಮ ದೀಪ ಹಚ್ಚಿಕೊಳ್ಳುತ್ತೀವಲ್ಲ, ಅದೇ ಯೋಚನೆ. 2014ರಿಂದ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ನಿನವರು ಅಲ್ಲಿ ಅಗೆದು ನೋಡಿದ್ದಾರೆ. ಈಗಲೂ ಅಕ್ಟೋಬರ್ 31ರ ಸಂಜೆ ಅತ್‌ಬಾಯ್‌ನಿಂದ ಜನ ಪಂಜು ಹಿಡಿದು ಆ ಗುಡ್ಡಕ್ಕೆ ನಡೆದುಕೊಂಡು ಹೋಗುತ್ತಾರೆ.

ಪಶ್ಚಿಮಕ್ಕೆ ರಾಸ್‌ಕಾಮನ್ ಕೌಂಟಿಯ ರಾತ್‌ಕ್ರೋಹನ್ ಅನ್ನೋ ಕಡೆ ಬೆಕ್ಕುಗಳ ಗುಹೆ ಅಂತ ಒಂದಿದೆ. ಸುಣ್ಣಕಲ್ಲಿನ ಕಿರಿದಾದ ಸೀಳು, ಮುಂಗೈ ಊರಿ ತೆವಳಿ ಇಳಿಯಬೇಕು, ಒಳಗೆ ಸುಮಾರು 37 ಮೀಟರ್ ಉದ್ದ. ಸೌವಿನ್ ರಾತ್ರಿ ಅದರೊಳಗಿಂದ ಬೆಳೆ ಒಣಗಿಸೋ ಹಕ್ಕಿಗಳು, ಕಾಡುಹಂದಿಗಳು ಬರುತ್ತಿದ್ದವು ಅಂತ ಹಳೇ ಹಸ್ತಪ್ರತಿಗಳಲ್ಲಿ ಕಥೆಗಳಿವೆ. ಕ್ರೈಸ್ತ ಸನ್ಯಾಸಿಗಳು ಅದನ್ನ ನರಕದ ಬಾಗಿಲು ಅಂದರು. ಮೆಸೇಜಿನಲ್ಲಿದ್ದ "ನರಕದ ಬಾಗಿಲು" ಅದೇ. ಕಾಲು ಜಾರದ ಬೂಟು, ತಲೆಗೊಂದು ದೀಪ ಇದ್ದರೆ ಮಾರ್ಗದರ್ಶಕರ ಜೊತೆ ಯಾರು ಬೇಕಾದರೂ ಇಳಿದು ಹತ್ತಬಹುದು.

ಮುಂದಿನ ಪ್ಯಾರಾ ಅಪ್ಪನಿಗೆ. ಅಜ್ಜಿಗೆ ಓದಬೇಡ.

ಅಪ್ಪ, ಮೆಸೇಜಿನಲ್ಲಿದ್ದ ನರಬಲಿಯ ಮಾತು ಪೂರ್ತಿ ಕಟ್ಟುಕಥೆ ಅಂತ ನಾನು ಬರೆಯೋದಿಲ್ಲ. ಮಾಯ್ ಶ್ಲೆಖ್ಟ್ ಅನ್ನೋ ಬಯಲಿನಲ್ಲಿ ಕ್ರೋಮ್ ಕ್ರೂಅಖ್ ಅನ್ನೋ ವಿಗ್ರಹಕ್ಕೆ ಚೊಚ್ಚಲ ಮಕ್ಕಳನ್ನ ಒಪ್ಪಿಸುತ್ತಿದ್ದರು ಅಂತ 12ನೇ ಶತಮಾನದ ಒಂದು ಹಸ್ತಪ್ರತಿಯಲ್ಲಿ ಇದೆ. ಆದರೆ ಅದನ್ನ ಬರೆದವರು ಆ ಧರ್ಮ ಅಳಿದು ಆರೇಳು ನೂರು ವರ್ಷ ಆದಮೇಲೆ ಬಂದ ಕ್ರೈಸ್ತ ಸನ್ಯಾಸಿಗಳು, ಹಳೇ ದೇವರು ಕೆಟ್ಟದ್ದು ಅಂತ ತೋರಿಸಬೇಕಾಗಿದ್ದವರು. ಡ್ರುಯಿಡ್ ಪುರೋಹಿತರು ತಾವಾಗಿ ಒಂದಕ್ಷರವನ್ನೂ ಬರೆದಿಟ್ಟಿಲ್ಲ. ಹಾಗಾಗಿ ಆ ಸಾಲನ್ನ ಸಾಕ್ಷಿ ಅಂತ ಹಿಡಿಯೋಕಾಗೋದಿಲ್ಲ. ಚರ್ಚಿನವರು ಹಳೇ ಹಬ್ಬದ ಮೇಲೆ ತಮ್ಮ ಹಬ್ಬ ಹೇರಿದರು ಅನ್ನೋದನ್ನೂ ಅಷ್ಟು ಸಲೀಸಾಗಿ ಹೇಳಬಾರದು. ಎಲ್ಲ ಸಂತರ ದಿನ ರೋಮ್‌ನಲ್ಲಿ ಮೊದಲು ಮೇ 13ಕ್ಕೆ ಇತ್ತು. 8ನೇ ಶತಮಾನದಲ್ಲಿ ಮೂರನೇ ಗ್ರೆಗರಿ ಪೋಪ್ ಎಲ್ಲ ಸಂತರ ಹೆಸರಲ್ಲಿ ಗುಡಿ ಕಟ್ಟಿಸಿದ, 835ರಲ್ಲಿ ನಾಲ್ಕನೇ ಗ್ರೆಗರಿಯ ಕಾಲಕ್ಕೆ ಫ್ರಾಂಕರ ರಾಜ್ಯದಲ್ಲೆಲ್ಲ ನವೆಂಬರ್ 1 ಆಯಿತು. ವಿಚಿತ್ರ ಅಂದರೆ ಸುಮಾರು 800ರ ಹೊತ್ತಿನ ಐರಿಷ್ ಪಂಚಾಂಗದಲ್ಲಿ ಅದೇ ಹಬ್ಬ ಏಪ್ರಿಲ್ 20ಕ್ಕಿದೆ. ಅಂದರೆ ಆ ತಾರೀಕು ಐರ್ಲೆಂಡಿನಿಂದಲೇ ಹೋಯಿತು ಅನ್ನೋಕೆ ಆಧಾರ ಸಾಲದು. ತೀರಿಕೊಂಡ ಸಾಮಾನ್ಯರಿಗಾಗಿ ನವೆಂಬರ್ 2ರ ಪ್ರಾರ್ಥನೆಯನ್ನ ಫ್ರಾನ್ಸಿನ ಕ್ಲೂನಿ ಮಠದ ಓದಿಲೋ ಸುಮಾರು 998ರಲ್ಲಿ ಶುರು ಮಾಡಿದ. ಹ್ಯಾಲೋ ಅಂದರೆ ಸಂತ, ಸಂಜೆ ಅನ್ನೋ ಅರ್ಥದ ಹಳೇ ಪದ ಈವನ್ ಚಿಕ್ಕದಾಗಿ ಈನ್. ಸಂತರ ಹಬ್ಬದ ಹಿಂದಿನ ಸಂಜೆ, ಇಷ್ಟೇ ಆ ಹೆಸರಿನ ಅರ್ಥ.

ಇನ್ನು ಕುಂಬಳಕಾಯಿ. ಅದು ಕಡಿದ ತಲೆಯ ಗುರುತು ಅಂತ ಮೆಸೇಜಿನಲ್ಲಿದೆ. ಅಜ್ಜಿ ತಾನೇ ಹೇಳುತ್ತಿದ್ದ ಕೊಳ್ಳಿದೆವ್ವದ ಕಥೆ ನೆನಪಿದೆಯಲ್ಲ, ಗದ್ದೆಯಾಚೆ ಜೌಗಿನಲ್ಲಿ ರಾತ್ರಿ ಓಡಾಡುವ ಬೆಂಕಿ? ಇವರಿಗೂ ಕೊಳ್ಳಿದೆವ್ವ ಉಂಟು, ಅದರ ಹೆಸರು ಜ್ಯಾಕ್. ಜ್ಯಾಕ್ ಒಬ್ಬ ಜಿಪುಣ ಕುಡುಕ. ಸೈತಾನ ಕರೆದುಕೊಂಡು ಹೋಗೋಕೆ ಬಂದಾಗ "ಕೊನೇದಾಗಿ ಒಂದು ಸೇಬು ಕಿತ್ತುಕೊಡು" ಅಂತ ಮರ ಹತ್ತಿಸಿ, ಕಾಂಡದ ಮೇಲೆ ಶಿಲುಬೆ ಕೆತ್ತಿಬಿಟ್ಟ. ಸೈತಾನ ಇಳಿಯೋಕಾಗದೆ "ನಿನ್ನ ಜೀವ ನಾನು ಯಾವತ್ತೂ ಒಯ್ಯೋದಿಲ್ಲ" ಅಂತ ಮಾತು ಕೊಟ್ಟ. ಜ್ಯಾಕ್ ಸತ್ತಮೇಲೆ ಸ್ವರ್ಗದವರು ಸೇರಿಸಲಿಲ್ಲ, ನರಕದವರು ಕೊಟ್ಟ ಮಾತು ಮುರಿಯಲಿಲ್ಲ. ಕತ್ತಲಲ್ಲಿ ದಾರಿ ಕಾಣಲಿ ಅಂತ ಸೈತಾನ ಒಂದು ಕೆಂಡ ಎಸೆದ. ಅದನ್ನ ತಾನು ತಿನ್ನುತ್ತಿದ್ದ ಟರ್ನಿಪ್ ಗೆಡ್ಡೆಯ ಒಳಗೆ ಇಟ್ಟುಕೊಂಡು ಜ್ಯಾಕ್ ಇವತ್ತಿಗೂ ತಿರುಗುತ್ತಿದ್ದಾನೆ. ಅವನಂಥವರು ಒಳಗೆ ಬರದಿರಲಿ ಅಂತಲೇ ಮುಖ ಕೆತ್ತಿದ ದೀಪ ಬಾಗಿಲಲ್ಲಿ ಇಡೋದು. ನಾವು ಬೂದುಗುಂಬಳಕ್ಕೆ ಕಣ್ಣು ಮೀಸೆ ಬರೆದು ಹೊಸ ಮನೆಗೆ ಕಟ್ಟೋದು, ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯೋದು ಯಾಕೋ, ಇವರದ್ದೂ ಅದಕ್ಕೇ. ಫೋಟೋದಲ್ಲಿ ಅಜ್ಜಿ ನೋಡಿದ್ದು ದೃಷ್ಟಿಬೊಂಬೆ.

ಅಸಲಿಗೆ ಇವರು ಕೆತ್ತುತ್ತಿದ್ದದ್ದು ಕುಂಬಳಕಾಯಿ ಅಲ್ಲವೇ ಅಲ್ಲ, ಟರ್ನಿಪ್ಪು. ನವಿಲುಕೋಸಿಗಿಂತ ದಪ್ಪ, ಮಣ್ಣೊಳಗೆ ಬೆಳೆಯುವ ಗೆಡ್ಡೆ. ಮೇಲೆ ನೇರಳೆ ಸಿಪ್ಪೆ, ಒಳಗೆ ಹಳದಿ. ಕಲ್ಲಿನ ಹಾಗೆ ಗಟ್ಟಿ. ಒಂದರಿಂದ ಒಂದೂವರೆ ಕಿಲೋ ತೂಗುವ, ಬಿರುಕಿಲ್ಲದ ಗೆಡ್ಡೆ ಆರಿಸಬೇಕು. ಬುಡವನ್ನ ತೆಳ್ಳಗೆ ಸವರಿದರೆ ಅಲುಗಾಡದೆ ಕೂರುತ್ತೆ. ತಲೆ ಕಡೆಯಿಂದ ಎರಡು ಬೆರಳು ದಪ್ಪದ ಬಿಲ್ಲೆ ಕತ್ತರಿಸಿ ಮುಚ್ಚಳ ಅಂತ ಎತ್ತಿಡಬೇಕು. ಆಮೇಲೆ ತಿರುಳಿನ ಮೇಲೆ ಚಾಕುವಿನ ತುದಿಯಿಂದ ಚೌಕ ಚೌಕ ಗೀರಿ, ಮೊಂಡಾದ ಗಟ್ಟಿ ಚಮಚದಿಂದ ಒಂದೊಂದೇ ಚೌಕ ಕೀಳಬೇಕು. ಮುಕ್ಕಾಲು ಗಂಟೆ ಬೇಕು, ಅಂಗೈ ಉರಿಯುತ್ತೆ. ನಮ್ಮ ಹೆರೆಮಣೆಯ ಹಲ್ಲಿಗೆ ಒತ್ತಿ ಕಾಯಿ ತುರಿದ ಹಾಗೆ ತಿರುಗಿಸಿದರೆ ಅರ್ಧ ಹೊತ್ತಿನಲ್ಲಿ ಆಗುತ್ತೆ, ಇದು ಇಲ್ಲಿಯವರಿಗೆ ಗೊತ್ತಿಲ್ಲದ ಉಪಾಯ. ಗೋಡೆ ಒಂದು ಸೆಂಟಿಮೀಟರ್ ಉಳಿಯಬೇಕು. ದಪ್ಪ ಬಿಟ್ಟರೆ ಬೆಳಕು ಹೊರಗೆ ಹಾಯೋದಿಲ್ಲ, ತೀರ ತೆಳು ಮಾಡಿದರೆ ಎರಡನೇ ದಿನಕ್ಕೆ ಸುಕ್ಕಿ ಬಾಯಿ ಒಳಗೆ ಮಡಚಿಕೊಳ್ಳುತ್ತೆ. ಕಣ್ಣು, ಮೂಗು, ಹಲ್ಲು ಕೊರೆದ ಮೇಲೆ ಮುಚ್ಚಳದಲ್ಲಿ ಬೆರಳು ಹೋಗುವಷ್ಟು ತೂತು ಮಾಡಲೇಬೇಕು, ಇಲ್ಲದಿದ್ದರೆ ಹೊಗೆ ಕಟ್ಟಿ ದೀಪ ಆರುತ್ತೆ. ಮೇಲಂಚಿನಿಂದ ಎರಡು ಸೆಂಟಿಮೀಟರ್ ಕೆಳಗೆ ಎದುರುಬದುರು ತೂತಿಟ್ಟು ತಂತಿ ಕಟ್ಟಬೇಕು. ಅಂಚಿಗೆ ತೀರ ಹತ್ತಿರ ಆದರೆ ಭಾರಕ್ಕೆ ಹರಿಯುತ್ತೆ. ದಾರ ಬೇಡ, ಬೆಂಕಿ ತಾಗುತ್ತೆ. ಹಚ್ಚಿದ ಮೇಲೆ ಸುಟ್ಟ ಮೂಲಂಗಿಯಂಥ ಒಂದು ವಾಸನೆ ಮನೆಯೆಲ್ಲ ತುಂಬುತ್ತೆ.

ಆ ಗೆಡ್ಡೆ ಒಣಗಿದಂತೆ ಮುಖ ತಾನಾಗಿ ಮುದುಡಿ, ಕೆನ್ನೆ ಒಳಗೆ ಹೋಗಿ, ನೂರು ವರ್ಷದ ಮುದುಕನ ಹಾಗೆ ಆಗುತ್ತೆ. ಮೇಯೋ ಕೌಂಟಿಯ ಟರ್ಲೋದಲ್ಲಿ ಹಳ್ಳಿ ಬದುಕಿನ ವಸ್ತುಸಂಗ್ರಹಾಲಯ ಇದೆ. ಡೊನೆಗಾಲ್‌ನ ಫಿನ್‌ಟೌನ್ ಊರಿನ ಒಬ್ಬ ಶಿಕ್ಷಕಿ 1943ರಲ್ಲಿ ಕೊಟ್ಟ ಅಂಥದೊಂದು ಮುಖವನ್ನ ನೋಡಿ ಅಚ್ಚು ತೆಗೆದ ಪ್ಲಾಸ್ಟರ್ ಪ್ರತಿ ಅಲ್ಲಿದೆ. ಕುಂಬಳಕಾಯಿಯ ನಗುಮುಖ ಅದರ ಮುಂದೆ ಏನೂ ಅಲ್ಲ.

1845ರಿಂದ 1852ರವರೆಗೆ ಇಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ ಬಂತು. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅಮೆರಿಕಕ್ಕೆ ಹೋದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ದೊಡ್ಡದು, ಮೆತ್ತಗಿನದು, ಒಳಗೆ ಮೊದಲೇ ಪೊಳ್ಳು. ಹಬ್ಬ ಅಲ್ಲಿ ಬೆಳೆದು ಇಲ್ಲಿಗೇ ವಾಪಸ್ ಬಂದಿದೆ, ಅದಕ್ಕೆ ಈಗ ಐರ್ಲೆಂಡಿನವರೂ ಕುಂಬಳಕಾಯಿಯನ್ನೇ ಕೆತ್ತೋದು. ಅದಕ್ಕೂ ಒಂದೆರಡು ಪಥ್ಯ ಇದೆ. ಮುಚ್ಚಳವನ್ನ ಓರೆಯಾಗಿ ಕೊಯ್ಯಬೇಕು, ನೇರ ಕೊಯ್ದರೆ ಒಳಗೆ ಬೀಳುತ್ತೆ. ಎರಡು ಮೂರು ದಿನ ಮೊದಲು ಮಾತ್ರ ಕೆತ್ತಬೇಕು, ವಾರ ಮೊದಲೇ ಕೆತ್ತಿದರೆ ಈ ಮಳೆಗೆ ಬೂಸಲು ಹಿಡಿದು ಕುಸಿಯುತ್ತೆ. ಮಕ್ಕಳು ತೊಡುವ ಪಾಲಿಸ್ಟರ್ ಉಡುಪಿಗೆ ಬೆಂಕಿ ತಾಗಿದರೆ ಕ್ಷಣದಲ್ಲಿ ಮೈಗೆ ಅಂಟುತ್ತೆ, ಅದಕ್ಕೇ ನಾವು ಒಳಗೆ ಬ್ಯಾಟರಿ ದೀಪ ಇಟ್ಟಿದ್ದು. ಅಜ್ಜಿಗೆ ಇದನ್ನ ಒತ್ತಿ ಹೇಳು: ನಿಜವಾಗಿ ಹೆದರಬೇಕಾದದ್ದು ಬೆಂಕಿಗೆ, ಅದು ನಮ್ಮ ಬಾಗಿಲಲ್ಲಿ ಇರಲೇ ಇಲ್ಲ.

"ಮಗು ಮನೆಮನೆಗೆ ಹೋಗಿ ಬೇಡಿತಲ್ಲ" ಅಂತ ಅಜ್ಜಿ ಅತ್ತಳು ಅಂತ ಬರೆದಿದ್ದೀಯ. ಅಂಟಿಗೆ ಪಂಟಿಗೆಯವರನ್ನ ಭಿಕ್ಷೆಯವರು ಅಂತ ಯಾರಾದರೂ ಅಂದಿದ್ದಾರಾ? ದೀಪ ಹೊತ್ತು, ಹಾಡು ಹೇಳಿ, ಅಕ್ಕಿ ಕಾಯಿ ಎಣ್ಣೆ ಈಸಿಕೊಂಡು ಹೋಗುತ್ತಾರೆ, ಬಾರದಿದ್ದರೆ ಮನೆಯವರಿಗೇ ಬೇಜಾರು. ಇದೂ ಹಾಗೇ. ಕಾರ್ಕ್ ಕೌಂಟಿಯಲ್ಲಿ 19ನೇ ಶತಮಾನದಲ್ಲಿ ಬಿಳಿ ಬಟ್ಟೆ ಹೊದ್ದು ಕುದುರೆ ತಲೆ ಹಿಡಿದ ಒಬ್ಬನನ್ನ ಮುಂದಿಟ್ಟುಕೊಂಡು, ಕೊಂಬು ಊದುತ್ತ ರೈತರ ಮನೆಗಳಿಗೆ ಹೋಗುತ್ತಿದ್ದರು. "ಬಿಳಿ ಕುದುರೆ" ಅಂತಲೇ ಆ ವೇಷದ ಹೆಸರು. ಕೊಟ್ಟ ಮನೆಗೆ ಒಳ್ಳೇ ಬೆಳೆ ಅಂತ ಹರಸುತ್ತಿದ್ದರು. ಇಂಗ್ಲೆಂಡಿನಲ್ಲಿ ಬಡವರು ಬಂದು ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಮಾಡಿ ಸಣ್ಣ ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದರು. ಸ್ಕಾಟ್ಲೆಂಡಿನ ಮಕ್ಕಳಲ್ಲಿ ಒಂದು ಹಾಡೋ ಪದ್ಯವೋ ಹೇಳಿ ತಿಂಡಿ ಈಸಿಕೊಳ್ಳೋ ರೂಢಿ ಇವತ್ತಿಗೂ ಇದೆ. "ಕೊಡ್ತೀಯೋ ಕೀಟಲೆ ಮಾಡಲೋ" ಅನ್ನೋ ಅರ್ಥದ ಟ್ರಿಕ್ ಆರ್ ಟ್ರೀಟ್ ಅನ್ನೋ ಮಾತು ಅಮೆರಿಕ ಕೆನಡಾ ಕಡೆಯದು, 1920ರ ದಶಕದ ಕೆನಡಾದ ಪತ್ರಿಕೆಗಳಲ್ಲಿ ಸಿಗುತ್ತೆ. ಡಬ್ಲಿನ್ ಮಕ್ಕಳ ಹಳೇ ಮಾತು ಅದಲ್ಲ, "ಹ್ಯಾಲೋವೀನ್ ಊಟಕ್ಕೆ ಏನಾದರೂ ಕೊಡಿ, ಸೇಬು ಕಾಯಿಬೀಜ ಇದೆಯಾ" ಅಂತ. ಆ ರಾತ್ರಿ ಗೇಟು ಕಿತ್ತು ಬೇರೆ ಕಡೆ ಇಡೋದು, ಗಾಡಿಯ ಚಕ್ರ ಬಿಚ್ಚಿಡೋದು ಇಲ್ಲಿಯ ಹುಡುಗರ ಕೀಟಲೆ. ಬೂರೆ ನೆಪದಲ್ಲಿ ದೀಪಾವಳಿ ರಾತ್ರಿ ಪಕ್ಕದ ಹಿತ್ತಲಿನ ಸೌತೆಕಾಯಿ, ಎಳನೀರು ಮಾಯವಾಗೋದು ಅಜ್ಜಿಗೆ ಗೊತ್ತಿಲ್ಲದ್ದಾ!

ಇನ್ನೊಂದು ಮಾತು ಅಜ್ಜಿಗೆ ತುಂಬ ಸಮಾಧಾನ ಕೊಡುತ್ತೆ. ಆ ರಾತ್ರಿ ಹೊರಗೆ ಹೊರಟ ಮಕ್ಕಳ ತಲೆ ಮೇಲೆ ಇಲ್ಲಿಯ ಕೆಲವು ಕಡೆ ಒಣ ಓಟ್ಸ್ ಹಿಟ್ಟಿಗೆ ಉಪ್ಪು ಬೆರೆಸಿ ಉದುರಿಸುತ್ತಿದ್ದರು. ದೃಷ್ಟಿಗೆ ಉಪ್ಪು! ತೊಟ್ಟಿಲ ಹತ್ತಿರ ಕಬ್ಬಿಣದ ಚೂರು ಇಡುತ್ತಿದ್ದರು. ಎರಡು ಕಡ್ಡಿಯನ್ನ ಅಡ್ಡ ಉದ್ದ ಇಟ್ಟು ಗೋಧಿ ಹುಲ್ಲಿನಿಂದ ಹೆಣೆದು ಬಾಗಿಲ ಮೇಲೆ ಒಳಗಡೆ ಸಿಕ್ಕಿಸಿ, ಮುಂದಿನ ಸೌವಿನ್‌ವರೆಗೆ ತೆಗೆಯುತ್ತಿರಲಿಲ್ಲ. ನಾನೂ 31ರಂದು ಪುಟ್ಟಿಗೆ ಉಪ್ಪು ನಿವಾಳಿಸಿಯೇ ಕಳಿಸಿದ್ದೆ, ವಾಪಸ್ ಬಂದ ಮೇಲೆ ಇನ್ನೊಂದು ಸಲ.

ಊಟದ ಬಗ್ಗೆ ಕೇಳಿದ್ದೀಯ. ಮಾಂಸದ ಹಬ್ಬ ಅಲ್ಲ ಅಮ್ಮ. ಸಂತರ ಹಬ್ಬದ ಮುನ್ನಾದಿನ ಕ್ಯಾಥೊಲಿಕ್ಕರಿಗೆ ಒಪ್ಪತ್ತಿನ ದಿನ ಆಗಿತ್ತು, 20ನೇ ಶತಮಾನದ ನಡುವಿನವರೆಗೂ ಆವತ್ತು ಮಾಂಸ ಮುಟ್ಟುತ್ತಿರಲಿಲ್ಲ. ಹಾಗಾಗಿ ಹಬ್ಬದಡುಗೆ ಎಲ್ಲ ಸಸ್ಯಾಹಾರವೇ: ಸೇಬು, ಹೇಝಲ್ ಬೀಜ, ಆಲೂಗಡ್ಡೆ. ಕೋಲ್ಕ್ಯಾನನ್ ಅಂತ ಮಾಡುತ್ತಾರೆ. ಒಂದು ಕಿಲೋ ಹಿಟ್ಟುಹಿಟ್ಟಾದ ಹಳೇ ಆಲೂಗಡ್ಡೆಯನ್ನ ಸಿಪ್ಪೆ ಸಮೇತ ಬೇಯಿಸಿ, ನೀರು ಬಸಿದು ಹಬೆ ಆರಿಸಿ, ಸಿಪ್ಪೆ ಸುಲಿದು ಕೈಯಲ್ಲಿ ಹಿಸುಕಿ, ಬೇಯಿಸಿದ 200 ಗ್ರಾಂ ಕೇಲ್ ಸೊಪ್ಪು, ಈರುಳ್ಳಿ ಹೂವಿನ ಜೊತೆ ಕಾಯಿಸಿದ ಒಂದು ಲೋಟ ಬಿಸಿ ಹಾಲು ಸೇರಿಸಿ, ನಡುವೆ ಗುಂಡಿ ಮಾಡಿ ಬೆಣ್ಣೆ ಇಡಬೇಕು. ಮಿಕ್ಸಿಗೆ ಹಾಕಿದರೆ ಅಂಟಂಟಾಗಿ ಕೆಡುತ್ತೆ. ಹಿರಿಯರಿಗೆ ಅಂತ ಎತ್ತಿಡುತ್ತಿದ್ದದ್ದು ಇದೇ ತಟ್ಟೆ.

ಇನ್ನೊಂದು ಬಾರ್ಮ್‌ಬ್ರ್ಯಾಕ್, ಒಣದ್ರಾಕ್ಷಿ ಹಾಕಿದ ಬ್ರೆಡ್ಡು. ಹೆಸರಿನ ಅರ್ಥ ಚುಕ್ಕಿ ರೊಟ್ಟಿ. ಒಳಗೆ ಉಂಗುರ, ನಾಣ್ಯ, ಬಟ್ಟೆ ಚೂರು, ಬಟಾಣಿ ಹುದುಗಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ನಾಣ್ಯಕ್ಕೆ ದುಡ್ಡು, ಬಟ್ಟೆಗೆ ಬಡತನ, ಬಟಾಣಿ ಬಂದರೆ ಆ ವರ್ಷ ಮದುವೆ ಇಲ್ಲ. ಈ ರಾತ್ರಿಯ ಅರ್ಧ ಆಟ ಮದುವೆಯದೇ. ಎರಡು ಬೀಜಕ್ಕೆ ಹುಡುಗ ಹುಡುಗಿಯ ಹೆಸರಿಟ್ಟು ಒಲೆಯಂಚಿನಲ್ಲಿ ಇಡುತ್ತಾರೆ, ಜೊತೆಗೆ ಉರಿದರೆ ಒಳ್ಳೇ ಸಂಸಾರ, ಒಂದು ಸಿಡಿದು ಹಾರಿದರೆ ಆ ಸಂಬಂಧ ಬೇಡ. ಈಗ ಅಂಗಡಿಯ ಬ್ರ್ಯಾಕಿನಲ್ಲಿ ಉಂಗುರ ಮಾತ್ರ ಇರುತ್ತೆ.

ಮೊಟ್ಟೆ ಇಲ್ಲದೆ ನಾನು ಮಾಡುವ ಕ್ರಮ ಬರೆಯುತ್ತೇನೆ, ಅಕ್ಕನ ಮನೆಯ ಒವನ್‌ನಲ್ಲಿ ಮಾಡಿ ಅಜ್ಜಿಗೆ ಒಂದು ಚೂರು ಕೊಡು. ಇದನ್ನ ತಿಂದರೆ ಅವಳಿಗೆ ನನ್ನ ಮಾತು ಪೂರ್ತಿ ನಂಬಿಕೆ ಬರುತ್ತೆ. 350 ಗ್ರಾಂ ಒಣದ್ರಾಕ್ಷಿಯನ್ನ 300 ಮಿಲಿಲೀಟರ್ ಕಡು ಚಹಾ ಡಿಕಾಕ್ಷನ್ನಿನಲ್ಲಿ ರಾತ್ರಿಯಿಡೀ ನೆನೆಸು. ಹಾಲು ಹಾಕಬೇಡ. ನೆನೆಯದಿದ್ದರೆ ದ್ರಾಕ್ಷಿ ಹಿಟ್ಟಿನ ನೀರನ್ನೆಲ್ಲ ಹೀರಿ ಬ್ರೆಡ್ಡು ಪುಡಿ ಪುಡಿಯಾಗುತ್ತೆ. ಬೆಳಿಗ್ಗೆ ಅದೇ ಚಹಾಕ್ಕೆ 125 ಗ್ರಾಂ ಪುಡಿಬೆಲ್ಲ, ಮೊಟ್ಟೆಗೆ ಬದಲಾಗಿ ನಾಲ್ಕು ದೊಡ್ಡ ಚಮಚ ಹುಳಿ ಇಲ್ಲದ ಮೊಸರು, ಚೂರು ದಾಲ್ಚಿನ್ನಿ ಜಾಯಿಕಾಯಿ ಪುಡಿ ಹಾಕಿ, 225 ಗ್ರಾಂ ಮೈದಾಕ್ಕೆ ಎರಡು ಸಣ್ಣ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ ಸೇರಿಸಿ ಜರಡಿ ಹಿಡಿದು ಬೆರೆಸು. ಚಹಾ ಪೂರ್ತಿ ತಣಿದಿರಬೇಕು. ಜಾಸ್ತಿ ಕಲಸಬೇಡ, ಹಿಟ್ಟು ನಾರಾಗುತ್ತೆ. 165 ಡಿಗ್ರಿಯಲ್ಲಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಬೆಲ್ಲಕ್ಕೆ ಮೇಲ್ಭಾಗ ಬೇಗ ಕಪ್ಪಾಗಿ ನಡುವೆ ಹಸಿ ಉಳಿಯುತ್ತೆ, ಅದಕ್ಕೆ 40 ನಿಮಿಷ ಆದಮೇಲೆ ಫಾಯಿಲ್ ಮುಚ್ಚು. ಬಿಸಿಯಲ್ಲಿ ಕೊಯ್ಯಬೇಡ, ಮರುದಿನ ಬೆಣ್ಣೆ ಹಚ್ಚಿ ತಿನ್ನಬೇಕು. ಉಂಗುರ ಇಡೋದಾದರೆ ಬೆಂದ ಮೇಲೆ ಬೆಣ್ಣೆ ಕಾಗದದಲ್ಲಿ ಸುತ್ತಿ ಅಡಿಯಿಂದ ಒತ್ತು, ಎಲ್ಲರಿಗೂ ಹೇಳಿಟ್ಟೇ ಇಡು, ಗಂಟಲಿಗೆ ಸಿಕ್ಕುತ್ತೆ. ಅಜ್ಜಿಯ ಚೂರಿನಲ್ಲಿ ಏನೂ ಇರಬಾರದು. ಸಕ್ಕರೆ ಕಾಯಿಲೆಯ ಲೆಕ್ಕ ಇದೆ, ಒಂದು ಚೂರು ಸಾಕು.

ಇಷ್ಟೂ ಬರೆದಿದ್ದು ಮಾತ್ರೆಗಾಗಿ ಅಮ್ಮ. ತಪ್ಪಿದ ಹೊತ್ತಿನದನ್ನೂ ಸೇರಿಸಿ ಎರಡೆರಡು ಕೊಡಬೇಡ, ಆಯಾ ಹೊತ್ತಿನದು ಒಂದೇ. ಬಿಪಿ ನೋಡುವಾಗ ಅಜ್ಜಿ ಐದು ನಿಮಿಷ ಸುಮ್ಮನೆ ಕೂತಿರಲಿ, ಬೆನ್ನಿಗೆ ಆಸರೆ ಇರಲಿ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ, ಅದಕ್ಕೆ ಅರ್ಧ ಗಂಟೆ ಮೊದಲಿಂದ ಕಾಫಿ ಬೇಡ. ಅಳುತ್ತಿರುವಾಗ ನೋಡಿದರೆ ಏರಿದ್ದೇ ತೋರಿಸುತ್ತೆ. ನಾಳೆಯೂ 170ರ ಮೇಲಿದ್ದರೆ ಕಾಯಬೇಡ, ಭಾವನ ಕಾರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ತಲೆನೋವು, ಮಾತು ತೊದಲೋದು, ಒಂದು ಕಡೆ ಕೈ ಸೋತ ಹಾಗೆ ಆಗೋದು ಕಂಡರೆ ಬೆಳಗಾಗೋದನ್ನ ಕಾಯಲೇಬೇಡಿ. ಖರ್ಚಿನ ಮಾತು ಎತ್ತಬೇಡ, ನಾಳೆ ಬೆಳಿಗ್ಗೆಯೇ ಅಪ್ಪನ ಖಾತೆಗೆ ಹಾಕುತ್ತೇನೆ. ಏನೂ ಆಗೋದಿಲ್ಲ ಅಂತ ನನಗೆ ಗೊತ್ತು. ನಮಗೂ ಇಲ್ಲಿ ಏನೂ ಆಗಿಲ್ಲ. ಎಲ್ಲ ಸರಿಯಾಗಿದೆ, ಚೆನ್ನಾಗಿದೆ, ಬಾಗಿಲಲ್ಲಿದ್ದ ಕುಂಬಳಕಾಯಿ ಕೂಡ ಗೊಬ್ಬರದ ಡಬ್ಬಿಗೆ ಹೋಯಿತು.

ಪುಟ್ಟಿ ಎದ್ದಳು, ಹಾಲು ಕೇಳುತ್ತಿದ್ದಾಳೆ. ಭಾನುವಾರ ನಿಮಗೆ ಮಧ್ಯಾಹ್ನ 3ಕ್ಕೆ ವಿಡಿಯೋ ಕರೆ ಮಾಡುತ್ತೇನೆ, ಅಜ್ಜಿ ಮಗುವನ್ನ ಕಣ್ಣಾರೆ ನೋಡಲಿ. ಅಷ್ಟರೊಳಗೆ ಇವತ್ತಿನ ರಾತ್ರಿ ಮಾತ್ರೆ ತಪ್ಪಿಸಬೇಡ. ಊಟ ಆದಮೇಲೆ. ಎಷ್ಟಿತ್ತು ಅಂತ ಭಾವನ ಕೈಲಿ ಮೆಸೇಜ್ ಹಾಕಿಸು.

ನಿನ್ನ ಮಗಳು
ಸುಮಾ